ಧನಗೆರೆಯಿಂದ ದಸರೆಗೆ: ಒಂದು ಪ್ರಯಾಣದ ಗಣಿತ

ಕೊಳ್ಳೇಗಾಲದ ಸೀಮೆಯ ಧನಗೆರೆಯಲ್ಲಿ ಐವರು ಗೆಳೆಯರಿದ್ದಾರೆಂದು ಭಾವಿಸೋಣ. ಐವರೂ ಕಾಲೇಜಿನ ವಿದ್ಯಾರ್ಥಿಗಳು. ವಿಜಯದಶಮಿಯಂದು ಮೈಸೂರಿಗೆ ಹೋಗಿ ಜಂಬೂಸವಾರಿಯನ್ನು ನೋಡಬೇಕು, ಸಂಜೆ ದೀಪಗಳಿಂದ ಬೆಳಗುವ ಅರಮನೆಯನ್ನು ಕಣ್ತುಂಬ ಕಾಣಬೇಕು, ರಾತ್ರಿಯೇ ಮರಳಿ ಊರು ಸೇರಬೇಕು ಎಂಬುದು ಅವರ ಬಯಕೆ. ಮನೆಯ ಹಿರಿಯರು ಒಪ್ಪಿದ್ದಾರೆ. ಬಸ್ಸಿನ ಖರ್ಚಿಗೆ ಹಣವೂ ಕೂಡಿದೆ. "ಬೆಳಗ್ಗೆ ಬೇಗ ಹೊರಟರಾಯಿತು" ಎಂದು ಒಬ್ಬನು ಹೇಳುತ್ತಾನೆ, ಉಳಿದವರು ತಲೆದೂಗುತ್ತಾರೆ. ಅಲ್ಲಿಗೆ ಅವರ ಯೋಜನೆ ಮುಗಿಯಿತು.

ಆದರೆ ನಿಜವಾಗಿ ಮುಗಿಯಿತೇ? ಬೇಗ ಎಂದರೆ ಎಷ್ಟು ಬೇಗ? ಲಕ್ಷಗಟ್ಟಲೆ ಜನರ ನಡುವೆ ಎಲ್ಲಿ ನಿಲ್ಲಬೇಕು? ಒಬ್ಬನು ತಪ್ಪಿಸಿಕೊಂಡರೆ ಅವನನ್ನು ಹುಡುಕುವುದು ಹೇಗೆ? ನೂಕುನುಗ್ಗಲಾದರೆ ಪ್ರಾಣವನ್ನು ಕಾಪಾಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗಳು ಮನೆಮಾತಿನವುಗಳಂತೆ ತೋರುತ್ತವೆ. ಆದರೆ ಇವುಗಳಲ್ಲಿ ಒಂದೊಂದರ ಹಿಂದೆಯೂ ಒಂದೊಂದು ಶಾಸ್ತ್ರವಿದೆ. ಖಗೋಳವಿಜ್ಞಾನ, ಸಂಭವನೀಯತೆಯ ಗಣಿತ, ಭೌತವಿಜ್ಞಾನ, ಶರೀರವಿಜ್ಞಾನ ಇವೆಲ್ಲವೂ ಈ ಒಂದು ದಿನದ ಪ್ರಯಾಣದಲ್ಲಿ ನಮಗೆ ಜೊತೆಗಾರರಾಗುತ್ತವೆ. ಗೆಳೆಯರೊಡನೆ ನಾವೂ ಹೊರಡೋಣ.

ದಿನ ಯಾವುದು?

ದಸರೆ ಪ್ರತಿ ವರ್ಷವೂ ಬರುತ್ತದೆ. ಆದರೆ ಅದೇ ತಾರೀಖಿಗೆ ಬರುವುದಿಲ್ಲ. ವಿಜಯದಶಮಿಯು 2021ರಲ್ಲಿ ಅಕ್ಟೋಬರ್ 15ರಂದು ಬಂದಿತು; 2022ರಲ್ಲಿ ಅಕ್ಟೋಬರ್ 5ರಂದು ಬಂದಿತು. ಹತ್ತು ದಿನ ಹಿಂದಕ್ಕೆ ಸರಿದ ಹಬ್ಬವು ಮುಂದಿನ ವರ್ಷ ಇನ್ನೂ ಹಿಂದೆ ಹೋಗಬಹುದೆಂದು ಎಣಿಸಿದವರಿಗೆ ಅಚ್ಚರಿ ಕಾದಿತ್ತು: 2023ರಲ್ಲಿ ಅದು ಅಕ್ಟೋಬರ್ 24ಕ್ಕೆ ನೆಗೆಯಿತು. ಅನಂತರ 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಎರಡು ಹೆಜ್ಜೆ ಹಿಂದೆ, ಒಂದು ನೆಗೆತ ಮುಂದೆ. ಇದರ ಗುಟ್ಟೇನು?

ಆಶ್ವಯುಜ ಮಾಸದ ಶುಕ್ಲಪಕ್ಷದ ದಶಮಿಯೇ ವಿಜಯದಶಮಿ. ನಮ್ಮ ಈ ಮಾಸವು ಚಂದ್ರನನ್ನು ಅನುಸರಿಸುವುದು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಇಂಥ ಹನ್ನೆರಡು ಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೂರ್ಯನ ವರ್ಷವಾದರೋ 365 ದಿನಗಳಿಗಿಂತ ತುಸು ಹೆಚ್ಚು. ಹೀಗಾಗಿ ಚಾಂದ್ರವರ್ಷವು ಪ್ರತಿ ಸಲವೂ ಹತ್ತು ಹನ್ನೊಂದು ದಿನಗಳಷ್ಟು ಮೊದಲೇ ಮುಗಿಯುತ್ತದೆ. ಇದನ್ನು ತಡೆಯದೆ ಬಿಟ್ಟಿದ್ದರೆ ದಸರೆಯು ಕ್ರಮೇಣ ಮಳೆಗಾಲಕ್ಕೂ ಬೇಸಿಗೆಗೂ ಸರಿದುಹೋಗುತ್ತಿತ್ತು. ಆದುದರಿಂದಲೇ ನಮ್ಮ ಪೂರ್ವಿಕರು ಸುಮಾರು ಮೂವತ್ತೆರಡೂವರೆ ತಿಂಗಳುಗಳಿಗೊಮ್ಮೆ ಒಂದು ಅಧಿಕಮಾಸವನ್ನು ಸೇರಿಸುವ ಏರ್ಪಾಡು ಮಾಡಿದರು. 2023ರಲ್ಲಿ ಅಧಿಕ ಶ್ರಾವಣ ಬಂದಿತು. ಹಬ್ಬ ಮುಂದಕ್ಕೆ ನೆಗೆಯಿತು.

ನವರಾತ್ರಿಯೆಂದರೆ ಒಂಬತ್ತೇ ರಾತ್ರಿಗಳು, ಹತ್ತನೆಯ ದಿನವೇ ದಶಮಿ ಎಂದು ಕಣ್ಣುಮುಚ್ಚಿ ಎಣಿಸುವುದೂ ಅಪಾಯಕರವೇ. 2025ರ ದಸರೆ ಹನ್ನೊಂದು ದಿನಗಳ ಹಬ್ಬವಾಗಿತ್ತು. ಚಂದ್ರನು ಸೂರ್ಯನಿಂದ 12 ಡಿಗ್ರಿಗಳಷ್ಟು ದೂರ ಸರಿಯಲು ತೆಗೆದುಕೊಳ್ಳುವ ಕಾಲವೇ ಒಂದು ತಿಥಿ. ಚಂದ್ರನ ಹಾದಿ ಸಂಪೂರ್ಣ ವೃತ್ತವಲ್ಲ; ಅವನು ಭೂಮಿಗೆ ಹತ್ತಿರವಿರುವಾಗ ವೇಗವಾಗಿಯೂ ದೂರವಿರುವಾಗ ನಿಧಾನವಾಗಿಯೂ ಚಲಿಸುತ್ತಾನೆ. ಆದ್ದರಿಂದ ತಿಥಿಯು ಕೆಲವೊಮ್ಮೆ ಹತ್ತೊಂಬತ್ತು ಇಪ್ಪತ್ತು ಗಂಟೆಗಳಲ್ಲಿಯೇ ಮುಗಿಯುತ್ತದೆ, ಕೆಲವೊಮ್ಮೆ ಇಪ್ಪತ್ತಾರು ಗಂಟೆಗಳವರೆಗೂ ಬೆಳೆಯುತ್ತದೆ. ಉದ್ದವಾದ ತಿಥಿಯೊಂದು ಎರಡು ಸೂರ್ಯೋದಯಗಳನ್ನು ಕಂಡರೆ ಹಬ್ಬಕ್ಕೆ ಒಂದು ದಿನ ಹೆಚ್ಚಾಗುತ್ತದೆ. ಗೆಳೆಯರು ಮೊದಲು ಪಂಚಾಂಗವನ್ನು ನೋಡಬೇಕು. ಆಮೇಲೆ ಸರ್ಕಾರವು ಆ ವರ್ಷಕ್ಕೆ ಪ್ರಕಟಿಸುವ ಕಾರ್ಯಕ್ರಮವನ್ನು ನೋಡಬೇಕು. ಸವಾರಿಯ ಮುಹೂರ್ತವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ತಿಥಿಯಿಂದ ಇನ್ನೊಂದು ಉಪಕಾರವೂ ಉಂಟು. ದಶಮಿಯ ಚಂದ್ರನು ಸಂಜೆಯ ಹೊತ್ತಿಗೆ ಆಕಾಶದಲ್ಲಿ ಮೇಲೇರಿರುತ್ತಾನೆ. ಅವನ ಬಿಂಬದ ಮುಕ್ಕಾಲು ಭಾಗದಷ್ಟು ಬೆಳಗಿರುತ್ತದೆ. ಅವನು ಮುಳುಗುವುದು ಮಧ್ಯರಾತ್ರಿ ಕಳೆದ ಮೇಲೆ. ಮೋಡವಿಲ್ಲದಿದ್ದರೆ ಬಸ್ಸಿಳಿದು ಊರಿನ ಹಾದಿಯಲ್ಲಿ ನಡೆಯುವವರಿಗೆ ಬೆಳದಿಂಗಳು ಖಂಡಿತ. ಮೋಡವಿಲ್ಲದಿದ್ದರೆ ಎಂದೇಕೆ ಹೇಳಬೇಕಾಯಿತೆಂದರೆ, ನಮ್ಮ ಸೀಮೆಯಲ್ಲಿ ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳು. ಆಗ ನೈಋತ್ಯ ಮಾರುತ ಹಿಂದೆಗೆಯುತ್ತಿರುತ್ತದೆ, ಈಶಾನ್ಯ ಮಾರುತ ಕಾಲಿಡುತ್ತಿರುತ್ತದೆ. ಬೆಳಗಿನ ಬಿಸಿಲಿಗೆ ಕಾದ ತೇವದ ಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ಗುಡುಗುಮಳೆಯಾಗಿ ಸುರಿಯುವುದುಂಟು. ಬೆಳಗ್ಗೆ ಆಕಾಶ ತಿಳಿಯಾಗಿದೆಯೆಂದು ಛತ್ರಿಯನ್ನು ಮನೆಯಲ್ಲಿ ಬಿಡುವುದು ಜಾಣತನವಲ್ಲ.

ಎಷ್ಟು ಹೊತ್ತಿಗೆ ಹೊರಡಬೇಕು?

ಕೊಳ್ಳೇಗಾಲದಿಂದ ಮೂಗೂರು, ತಿರುಮಕೂಡಲು ನರಸೀಪುರಗಳ ಮೇಲೆ ಮೈಸೂರಿಗೆ ಸುಮಾರು 60 ಕಿಲೋಮೀಟರುಗಳ ಹಾದಿ. ಇಂದು ಇದು ನೆರೆಯೂರಿನ ಪ್ರಯಾಣ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಗೆಳೆಯರ ಮುತ್ತಜ್ಜಂದಿರು ದಸರೆಗೆ ಹೋಗುವಾಗ ರಾಜ್ಯದ ಗಡಿಯನ್ನೇ ದಾಟಬೇಕಾಗಿತ್ತು.

ಪ್ರಯಾಣದ ವೇಳೆಯನ್ನು ಹೊರಡುವ ತುದಿಯಿಂದ ಎಣಿಸಬಾರದು, ತಲುಪುವ ತುದಿಯಿಂದ ಎಣಿಸಬೇಕು. ಹನ್ನೊಂದು ಗಂಟೆಗೆ ದಾರಿಯ ಬದಿಯಲ್ಲಿ ಜಾಗ ಹಿಡಿದಿರಬೇಕೆಂದು ಇಟ್ಟುಕೊಳ್ಳೋಣ. ಬಸ್ಸಿಳಿದ ಮೇಲೆ ಒಂದೂವರೆ ಕಿಲೋಮೀಟರು ನಡೆಯಬೇಕು. ತೆರವಾದ ದಾರಿಯಲ್ಲಿ ಮನುಷ್ಯನು ಸೆಕೆಂಡಿಗೆ ಸುಮಾರು 1.3 ಮೀಟರು ನಡೆಯುತ್ತಾನೆ. ಆ ಲೆಕ್ಕಕ್ಕೆ ಇದು ಇಪ್ಪತ್ತು ನಿಮಿಷದ ಮಾತು. ಜನಸಂದಣಿಯಲ್ಲಿ ಅವನ ವೇಗ ಅರ್ಧ ಮೀಟರಿಗೆ ಇಳಿದರೆ ಅದೇ ದೂರಕ್ಕೆ ಐವತ್ತು ನಿಮಿಷ ಬೇಕು. ಎಂದರೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೈಸೂರಿನಲ್ಲಿ ಇಳಿದಿರಬೇಕು. ಹಬ್ಬದ ದಟ್ಟಣೆಯಲ್ಲಿ ಬಸ್ಸಿಗೆ ಎರಡೂವರೆ ಗಂಟೆ ಹಿಡಿಯಿರಿ: ಕೊಳ್ಳೇಗಾಲವನ್ನು ಏಳು ನಲವತ್ತಕ್ಕೆ ಬಿಡಬೇಕು. ಅಲ್ಲಿ ಬಸ್ಸಿಗಾಗಿ ಕಾಯಲು ನಲವತ್ತು ನಿಮಿಷ, ಊರಿನಿಂದ ಕೊಳ್ಳೇಗಾಲಕ್ಕೆ ಬರಲು ಇನ್ನೊಂದು ನಲವತ್ತು ನಿಮಿಷ, ಅನಿರೀಕ್ಷಿತಕ್ಕೆ ಇಪ್ಪತ್ತು ನಿಮಿಷ. ಆರು ಗಂಟೆಗೆ ಐವರೂ ಊರ ಬಾಗಿಲಿನಲ್ಲಿ ನಿಂತಿರಬೇಕು. "ಬೇಗ" ಎಂಬ ಮಾತಿಗೆ ಈಗ ಅರ್ಥ ಬಂದಿತು.

ಬಸ್ಸಿಗೆ ನಲವತ್ತು ನಿಮಿಷ ಏಕೆ, ಇಪ್ಪತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಸರಾಸರಿ ಹತ್ತು ನಿಮಿಷ ಕಾದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಬಸ್ಸುಗಳು ಗಡಿಯಾರದಂತೆ ಬಂದರೆ ಸಾಕು. ಆದರೆ ಅವು ಒಮ್ಮೆ ಹತ್ತು ನಿಮಿಷಕ್ಕೂ ಮತ್ತೊಮ್ಮೆ ಮೂವತ್ತು ನಿಮಿಷಕ್ಕೂ ಬರುತ್ತಿದ್ದರೆ ಸರಾಸರಿ ಅಂತರ ಇಪ್ಪತ್ತೇ ಆಗಿದ್ದರೂ ಸರಾಸರಿ ಕಾಯುವಿಕೆ ಹನ್ನೆರಡೂವರೆ ನಿಮಿಷವಾಗುತ್ತದೆ. ಕಾರಣ ಸರಳ: ನಾಲ್ಕರಲ್ಲಿ ಮೂರು ಪಾಲು ನಾವು ನಿಲ್ದಾಣಕ್ಕೆ ಕಾಲಿಡುವುದು ಉದ್ದನೆಯ ಅಂತರದಲ್ಲಿಯೇ. ಅನಿಯಮ ಹೆಚ್ಚಿದಷ್ಟೂ ಕಾಯುವಿಕೆ ಹೆಚ್ಚುತ್ತದೆ. ಹಬ್ಬದ ದಿನ ಬಂದ ಬಸ್ಸಿನಲ್ಲಿ ಐವರಿಗೆ ಎಡೆ ಸಿಗದಿರುವ ಸಾಧ್ಯತೆಯೂ ಉಂಟು.

ಇನ್ನು ಗೆಳೆಯರ ವಿಚಾರ. ಪ್ರತಿಯೊಬ್ಬನೂ ಹತ್ತರಲ್ಲಿ ಒಂಬತ್ತು ಸಲ ಹೇಳಿದ ವೇಳೆಗೆ ಬರುವವನೇ ಎಂದು ಇಟ್ಟುಕೊಳ್ಳೋಣ. ಇದು ಒಳ್ಳೆಯ ನಡತೆಯೇ ಸರಿ. ಆದರೆ ಐವರೂ ಒಟ್ಟಿಗೆ ವೇಳೆಗೆ ಬರುವ ಸಂಭವವೆಷ್ಟು? 0.9ನ್ನು ಐದು ಬಾರಿ ಗುಣಿಸಿರಿ: 0.59. ನೂರು ಪ್ರಯಾಣಗಳಲ್ಲಿ ನಲವತ್ತೊಂದು ಸಲ ಒಬ್ಬನಾದರೂ ತಡ! ಯಾರೊಬ್ಬನೂ ಸೋಮಾರಿಯಲ್ಲ, ಆದರೂ ಗುಂಪು ತಡವಾಗುತ್ತದೆ. ಸರಣಿಯಲ್ಲಿ ಜೋಡಿಸಿದ ದೀಪಗಳಂತೆ ಇಲ್ಲಿ ಒಂದು ಕೆಟ್ಟರೆ ಎಲ್ಲವೂ ಆರುತ್ತವೆ.

ಇದಕ್ಕೆ ಪರಿಹಾರ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ಹಿಂದಿನ ರಾತ್ರಿ ಐವರೂ ಒಬ್ಬನ ಮನೆಯ ಜಗಲಿಯ ಮೇಲೆ ಮಲಗುವುದು. ಆಗ ಒಬ್ಬನು ಎದ್ದರೂ ಸಾಕು, ಉಳಿದವರನ್ನು ಎಬ್ಬಿಸುತ್ತಾನೆ. ಒಬ್ಬೊಬ್ಬನೂ ಏಳದಿರುವ ಸಂಭವ ಹತ್ತರಲ್ಲಿ ಒಂದಾದರೆ, ಐವರೂ ಏಳದಿರುವ ಸಂಭವ ಲಕ್ಷದಲ್ಲಿ ಒಂದು. ಸರಣಿಯ ಜೋಡಣೆ ಸಮಾಂತರ ಜೋಡಣೆಯಾಯಿತು. ಮನುಷ್ಯರು ಅವರೇ, ಏರ್ಪಾಡು ಮಾತ್ರ ಬೇರೆ.

ಜನಸಂದಣಿಯೆಂಬ ದ್ರವ

ಮೈಸೂರು ಬಂದಿತು. ಅರಮನೆಯಿಂದ ಹೊರಟ ಸವಾರಿಯು ಚಾಮರಾಜ ವೃತ್ತ, ಕೃಷ್ಣರಾಜ ವೃತ್ತಗಳನ್ನು ಬಳಸಿ ಸಯ್ಯಾಜಿರಾವ್ ರಸ್ತೆಯಲ್ಲಿ ಉತ್ತರಕ್ಕೆ ಸಾಗಿ ಬನ್ನಿಮಂಟಪವನ್ನು ಸೇರುತ್ತದೆ. ದೂರ ಸುಮಾರು ಐದು ಕಿಲೋಮೀಟರು. ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಂ. ಆನೆ ಅದನ್ನು ಹೊತ್ತು ನಿಧಾನವಾಗಿ ನಡೆಯುತ್ತದೆ. ದಾರಿಯ ಎರಡು ಬದಿಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ.

ಎಷ್ಟು ಜನ? ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮವನ್ನು ಬೋಧಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬವರು 1960ರ ದಶಕದಲ್ಲಿ ಇದಕ್ಕೊಂದು ಸುಲಭೋಪಾಯವನ್ನು ಹೇಳಿದರು. ಜನರು ನಿಂತಿರುವ ಸ್ಥಳದ ವಿಸ್ತೀರ್ಣವನ್ನು ಅಳೆಯಿರಿ, ಒಂದು ಚಿಕ್ಕ ಚೌಕದಲ್ಲಿ ಎಷ್ಟು ಮಂದಿಯಿದ್ದಾರೆಂದು ಎಣಿಸಿರಿ, ಎರಡನ್ನೂ ಗುಣಿಸಿರಿ. ಐದು ಕಿಲೋಮೀಟರಿನ ಉದ್ದಕ್ಕೂ ಎರಡು ಬದಿಗಳಲ್ಲಿ ಐದೈದು ಮೀಟರಿನ ಪಟ್ಟಿಯಲ್ಲಿ ಜನ ನಿಂತಿದ್ದಾರೆಂದು ಭಾವಿಸಿದರೆ ವಿಸ್ತೀರ್ಣ 50,000 ಚದರ ಮೀಟರು. ಚದರ ಮೀಟರಿಗೆ ಮೂವರಂತೆ ಒಂದೂವರೆ ಲಕ್ಷ ಜನ. ಯಾರಾದರೂ ಹತ್ತಾರು ಲಕ್ಷವೆಂದು ಹೇಳಿದರೆ ಅಷ್ಟು ಜನ ನಿಲ್ಲಲು ನೆಲವೆಲ್ಲಿ ಎಂದು ಕೇಳುವುದನ್ನು ಈ ಲೆಕ್ಕ ನಮಗೆ ಕಲಿಸುತ್ತದೆ.

ಆದರೆ ಗೆಳೆಯರಿಗೆ ಒಟ್ಟು ಸಂಖ್ಯೆಗಿಂತ ಮುಖ್ಯವಾದುದು ಸಾಂದ್ರತೆ, ಎಂದರೆ ಒಂದು ಚದರ ಮೀಟರಿನಲ್ಲಿ ಎಷ್ಟು ಮಂದಿ ಎಂಬುದು. ಒಬ್ಬನೇ ಇದ್ದರೆ ಹೆಚ್ಚುಕಡಮೆ ಸರಾಗವಾಗಿ ನಡೆಯಬಹುದು. ಇಬ್ಬರಾದರೆ ನಡಿಗೆಯ ವೇಗ ಅರ್ಧಕ್ಕೆ ಇಳಿಯುತ್ತದೆ. ನಾಲ್ವರಾದರೆ ಹೆಜ್ಜೆಯಿಡಲು ಎಡೆಯಿರದೆ ಕಾಲೆಳೆಯಬೇಕಾಗುತ್ತದೆ. ಆರು ಏಳು ಮಂದಿಯಾದರೆ ಅಲ್ಲಿ ವ್ಯಕ್ತಿಯೆಂಬುದೇ ಉಳಿಯುವುದಿಲ್ಲ. ಮೈಗೆ ಮೈ ಒತ್ತಿ, ಒಂದು ಕಡೆಯ ನೂಕು ಎಲ್ಲರ ಮೂಲಕ ಅಲೆಯಂತೆ ಹಾಯ್ದು ದೂರದಲ್ಲಿರುವವರನ್ನು ಕೆಡವುತ್ತದೆ. ಆಗ ಜನಸಮೂಹದ ನಡವಳಿಕೆ ದ್ರವದ ನಡವಳಿಕೆಯೇ ಆಗುತ್ತದೆ.

ಇದು ಕೇವಲ ಉಪಮೆಯಲ್ಲ. ಸ್ಪೇನ್ ದೇಶದ ಪಾಂಪ್ಲೋನಾ ನಗರದಲ್ಲಿ ಪ್ರತಿ ಜುಲೈ ತಿಂಗಳಿನಲ್ಲಿ ಸಾನ್ ಫೆರ್ಮಿನ್ ಎಂಬ ದೊಡ್ಡ ಹಬ್ಬ ನಡೆಯುತ್ತದೆ. ಹಬ್ಬದ ಆರಂಭಕ್ಕೆ ಪುರಭವನದ ಮುಂದಿನ ಚೌಕದಲ್ಲಿ ಸಾವಿರಾರು ಜನ ಕಿಕ್ಕಿರಿಯುತ್ತಾರೆ. ಭೌತವಿಜ್ಞಾನಿಗಳು ಮೇಲಿನಿಂದ ಚಿತ್ರೀಕರಿಸಿ ಅಳೆದು ನೋಡಿದರು. ಅವರ ಫಲಿತಾಂಶ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಂದ್ರತೆಯು ಚದರ ಮೀಟರಿಗೆ ಸುಮಾರು ನಾಲ್ವರನ್ನು ಮೀರಿದೊಡನೆ ನೂರಾರು ಜನರ ರಾಶಿಗಳು ತಾವಾಗಿಯೇ ತೂಗಾಡತೊಡಗಿದವು. ಯಾರೂ ಬೇಕೆಂದು ನೂಕಲಿಲ್ಲ. ಯಾರ ಅಪ್ಪಣೆಯೂ ಇರಲಿಲ್ಲ. ಸುಮಾರು ಹದಿನೆಂಟು ಸೆಕೆಂಡುಗಳಿಗೊಮ್ಮೆ ಇಡೀ ರಾಶಿ ಒಂದು ಸುತ್ತು ಓಲಾಡುತ್ತಿತ್ತು. 2010ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್ ನಗರದ ಸಂಗೀತೋತ್ಸವದಲ್ಲಿ 21 ಮಂದಿ ಮಡಿದರು. ಆ ದುರಂತದ ಚಿತ್ರಗಳಲ್ಲಿಯೂ ಇದೇ ಬಗೆಯ ಓಲಾಟವಿದ್ದುದು ಕಂಡುಬಂದಿತು. ತಾನು ನಿಂತಿರುವ ಗುಂಪು ತನ್ನ ಇಚ್ಛೆಯಿಲ್ಲದೆ ಓಲಾಡುತ್ತಿದೆಯೆಂದು ಅನ್ನಿಸಿದರೆ ಅದು ಅಪಾಯದ ಸೂಚನೆಯೆಂದು ತಿಳಿಯಬೇಕು.

ಅಪಾಯವೆಂಬುದು ದೂರದ ಮಾತಲ್ಲ. 2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯದ ಸೋಲ್ ನಗರದ ಇತೆವಾನ್ ಎಂಬಲ್ಲಿ ಹಬ್ಬದ ಸಂಜೆಯನ್ನು ಕಳೆಯಲು ಗೆಳೆಯರೊಡನೆ ಬಂದಿದ್ದ 150ಕ್ಕೂ ಹೆಚ್ಚು ಜನ, ಬಹುಮಟ್ಟಿಗೆ ತರುಣ ತರುಣಿಯರು, ಒಂದು ಇಕ್ಕಟ್ಟಾದ ಇಳಿಜಾರು ಓಣಿಯಲ್ಲಿ ಸಿಕ್ಕಿ ಪ್ರಾಣಬಿಟ್ಟರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನಲ್ಲಿಯೇ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದವರಲ್ಲಿ ಹನ್ನೊಂದು ಮಂದಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ತೀರಿಕೊಂಡರು. ಅವರೂ ಬೆಳಗ್ಗೆ ಮನೆಯಿಂದ ನಗುನಗುತ್ತ ಹೊರಟವರೇ.

ಇಂಥ ದುರಂತವನ್ನು ನಾವು "ಕಾಲ್ತುಳಿತ" ಎಂದು ಕರೆಯುತ್ತೇವೆ. ಈ ಮಾತು ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ಜನರು ಹುಚ್ಚೆದ್ದು ಓಡಿ ಬಿದ್ದವರನ್ನು ತುಳಿದರೆಂಬ ಚಿತ್ರ ಅದರಿಂದ ಮೂಡುತ್ತದೆ. ಇಂಥ ಸಾವುಗಳಲ್ಲಿ ಹೆಚ್ಚಿನವು ಉಸಿರು ಕಟ್ಟಿ ಆಗುವಂಥವು. ನಾವು ಉಸಿರೆಳೆದುಕೊಳ್ಳುವಾಗ ಪಕ್ಕೆಲುಬುಗಳು ಹೊರಚಾಚಿ ಎದೆಯ ಗೂಡು ಹಿಗ್ಗಬೇಕು. ಮುಂದೆಯೂ ಹಿಂದೆಯೂ ಹಲವರ ಒತ್ತಡ ಕೂಡಿಕೊಂಡು ಎದೆಯನ್ನು ಅದುಮಿದರೆ ಗೂಡು ಹಿಗ್ಗಲಾರದು. ಹೊರಗೆ ಗಾಳಿ ಧಾರಾಳವಾಗಿದ್ದರೂ ಒಳಗೆ ಹೋಗಲಾರದು. ನಿಂತ ನಿಲುವಿನಲ್ಲಿಯೇ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗುತ್ತದೆ. ಹಿಂದಿರುವವರಿಗೆ ಮುಂದಿನವರ ಸಂಕಟ ಕಾಣುವುದಿಲ್ಲ. ಅವರು ಒಂದು ಹೆಜ್ಜೆ ಮುಂದಿಟ್ಟರೆ ಅದರ ಭಾರ ಮುಂದಿನವರ ಎದೆಯ ಮೇಲೆ ಬೀಳುತ್ತದೆ.

ಇದರಿಂದ ಗೆಳೆಯರು ಕಲಿಯಬೇಕಾದ ನಿಯಮಗಳು ಕೆಲವು. ಗೋಡೆ, ತಡೆಬೇಲಿ, ಇಕ್ಕಟ್ಟಾದ ಬಾಗಿಲು ಇವುಗಳ ಬಳಿ ನಿಲ್ಲಬಾರದು. ಒತ್ತಡ ಸೇರುವುದು ಅಲ್ಲಿಯೇ. ಎರಡು ಪಕ್ಕಗಳಲ್ಲಿಯೂ ಅಪರಿಚಿತರ ಭುಜಗಳು ತಗುಲತೊಡಗಿದಾಗಲೇ ಹೊರಡಬೇಕು. ಕೈ ಎತ್ತಲಾಗದಂತಾದ ಮೇಲೆ ಹೊರಡುತ್ತೇನೆಂದರೆ ಆಗುವುದಿಲ್ಲ. ಒಂದು ವೇಳೆ ಸಿಕ್ಕಿಬಿದ್ದರೆ ಎರಡು ಕೈಗಳನ್ನೂ ಮಡಿಸಿ ಎದೆಯ ಮುಂದೆ ಹಿಡಿದು ಉಸಿರಿಗೆ ಒಂದಿಷ್ಟು ಎಡೆ ಮಾಡಿಕೊಳ್ಳಬೇಕು. ಪ್ರವಾಹಕ್ಕೆ ಎದುರಾಗಿ ಈಜದೆ, ಅಲೆ ತಗ್ಗಿದಾಗಲೆಲ್ಲ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ಕೈಯಿಂದ ಬಿದ್ದ ಚಪ್ಪಲಿಯನ್ನೋ ಫೋನನ್ನೋ ಎತ್ತಿಕೊಳ್ಳಲು ಬಗ್ಗಬಾರದು. ಬಿದ್ದವರನ್ನು ಕೂಡಲೇ ಎತ್ತಿ ನಿಲ್ಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದೆ ಇರುವಾಗ ಮುಂದಿನವರನ್ನು ನೂಕಬಾರದು.

ಎಲ್ಲಿ ನಿಲ್ಲುವುದು, ಎಲ್ಲಿ ಸೇರುವುದು?

ಸವಾರಿಯು ಹೊರಟ ಮೇಲೆ ಮೈಸೂರಿನ ನಕ್ಷೆಯೇ ಬದಲಾಗುತ್ತದೆ. ಅರಮನೆಯಿಂದ ಬನ್ನಿಮಂಟಪದವರೆಗೆ ಹರಿಯುವ ಮೆರವಣಿಗೆಯು ದಾಟಲಾಗದ ಹೊಳೆಯಂತೆ ನಗರವನ್ನು ಪೂರ್ವ ಪಶ್ಚಿಮಗಳಾಗಿ ಇಬ್ಭಾಗಿಸುತ್ತದೆ. ಒಬ್ಬನು ಆ ದಡದಲ್ಲಿ, ನಾಲ್ವರು ಈ ದಡದಲ್ಲಿ ಸಿಕ್ಕಿಕೊಂಡರೆ, ನಡುವಿನ ಅಂತರ ಮೂವತ್ತೇ ಮೀಟರಾದರೂ ಗಂಟೆಗಟ್ಟಲೆ ಕೂಡಲಾರರು.

ಕೊಳ್ಳೇಗಾಲದ ಕಡೆಯ ಬಸ್ಸುಗಳು ಹೊರಡುವ ಗ್ರಾಮಾಂತರ ಬಸ್ ನಿಲ್ದಾಣವು ಅರಮನೆಯ ಪೂರ್ವಕ್ಕಿದೆ. ರೈಲ್ವೆ ನಿಲ್ದಾಣವು ಸಯ್ಯಾಜಿರಾವ್ ರಸ್ತೆಯ ಪಶ್ಚಿಮಕ್ಕಿದೆ. ಬಸ್ಸಿನಲ್ಲಿ ಬಂದ ನಮ್ಮ ಗೆಳೆಯರು ಪೂರ್ವದ ಬದಿಯಲ್ಲಿಯೇ ನಿಲ್ಲಬೇಕು. ರೈಲಿನಲ್ಲಿ ಬಂದವರು ಪಶ್ಚಿಮದಲ್ಲಿ ನಿಲ್ಲುವುದು ಮೇಲು. ದೇವರಾಜ ಮಾರುಕಟ್ಟೆಯಲ್ಲಿ ಏನನ್ನಾದರೂ ಕೊಳ್ಳಬೇಕಾದರೆ ಸವಾರಿಗೆ ಬಹಳ ಮೊದಲೇ ಕೊಂಡು ಈಚೆಗೆ ಬಂದುಬಿಡಬೇಕು. ಅದಿರುವುದು ಹೊಳೆಯ ಆಚೆ ದಡದಲ್ಲಿ.

ಒಬ್ಬನು ತಪ್ಪಿಸಿಕೊಂಡನೆನ್ನಿ. ಎಲ್ಲರೂ ಫೋನನ್ನು ತೆಗೆಯುತ್ತಾರೆ. ಆದರೆ ಒಂದು ಫೋನ್ ಗೋಪುರವು ಒಮ್ಮೆಗೆ ಸಾಗಿಸಬಲ್ಲ ಮಾತುಗಳಿಗೆ ಮಿತಿಯಿದೆ. ಅದು ಎಂದಿನ ಜನಸಂಖ್ಯೆಗೆ ತಕ್ಕಂತೆ ಏರ್ಪಟ್ಟದ್ದು. ಅದರ ನೆರಳಿನಲ್ಲಿ ಹತ್ತಾರು ಪಟ್ಟು ಜನ ಸೇರಿ ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಕಳುಹಿಸತೊಡಗಿದರೆ ಕರೆ ಸೇರುವುದು ಕಷ್ಟ, ಸೇರಿದರೂ ವಾದ್ಯಗಳ ಸದ್ದಿನಲ್ಲಿ "ಎಲ್ಲಿದ್ದೀಯ?" ಎಂಬ ಪ್ರಶ್ನೆಗೆ "ಇಲ್ಲೇ ಇದ್ದೇನೆ" ಎಂಬ ಉತ್ತರ ಬರುತ್ತದೆ! ಕರೆಗೆ ಎಡೆಬಿಡದ ಸಂಪರ್ಕ ಬೇಕು. ನಾಲ್ಕು ಮಾತುಗಳ ಸಂದೇಶಕ್ಕೆ ಕ್ಷಣಕಾಲದ ಎಡೆ ಸಾಕು. ಆದ್ದರಿಂದ ಕರೆಗಿಂತ ಚಿಕ್ಕ ಸಂದೇಶವೇ ಲೇಸು.

ಅದೂ ಸಾಗದಿದ್ದರೆ? ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಇಬ್ಬರು ನ್ಯೂಯಾರ್ಕಿನಲ್ಲಿ ಭೇಟಿಯಾಗಬೇಕು. ಸ್ಥಳವೂ ಗೊತ್ತಿಲ್ಲ, ವೇಳೆಯೂ ಗೊತ್ತಿಲ್ಲ, ಮಾತನಾಡಿಕೊಳ್ಳುವಂತೆಯೂ ಇಲ್ಲ. ಎಲ್ಲಿಗೆ ಹೋಗುವಿರಿ? ಕೇಳಿದವರಲ್ಲಿ ಬಹಳ ಮಂದಿ ದೊಡ್ಡ ರೈಲ್ವೆ ನಿಲ್ದಾಣವನ್ನೂ ನಡುಮಧ್ಯಾಹ್ನದ ಹನ್ನೆರಡು ಗಂಟೆಯನ್ನೂ ಹೇಳಿದರು. ಪ್ರತಿಯೊಬ್ಬನೂ "ಇನ್ನೊಬ್ಬನು ಏನೆಂದುಕೊಳ್ಳುವನು" ಎಂದು ಯೋಚಿಸಿ, ಎಲ್ಲರ ಕಣ್ಣಿಗೂ ಎದ್ದುಕಾಣುವ ಸ್ಥಳವನ್ನೇ ಆರಿಸುತ್ತಾನೆ.

ಮೈಸೂರಿನಲ್ಲಿ ಎದ್ದುಕಾಣುವ ಸ್ಥಳವೆಂದರೆ ಕೃಷ್ಣರಾಜ ವೃತ್ತವೇ ಎಲ್ಲರಿಗೂ ಹೊಳೆಯುತ್ತದೆ. ಆದರೆ ಅಂದು ಅದು ಸವಾರಿಯ ಹಾದಿ. ಅಲ್ಲಿಗೆ ಹೋಗಲೂ ಆಗದು, ನಿಲ್ಲಲೂ ಆಗದು. ಆದುದರಿಂದ ಊಹೆಗೆ ಬಿಡದೆ ಮೊದಲೇ ಗೊತ್ತುಮಾಡಿಕೊಳ್ಳಬೇಕು: ಹಾದಿಯಿಂದ ದೂರವಾದ, ಬಸ್ ನಿಲ್ದಾಣದ ಬದಿಯಲ್ಲಿರುವ, ಅನುಮಾನಕ್ಕೆ ಎಡೆಯಿಲ್ಲದ ಒಂದು ಸ್ಥಳ. ನಿಲ್ದಾಣದ ಇಂಥದೇ ಬಾಗಿಲು ಎಂದು ಬೆಳಗ್ಗೆ ಇಳಿದಾಗಲೇ ಐವರೂ ಕಣ್ಣಾರೆ ನೋಡಿಕೊಳ್ಳಲಿ. ವೇಳೆಯನ್ನೂ ಗೊತ್ತುಮಾಡಲಿ: ಗಂಟೆ ಹೊಡೆದಾಗಲೆಲ್ಲ ಹತ್ತು ನಿಮಿಷ ಅಲ್ಲಿ ಕಾಯುವುದು. ತಪ್ಪಿಸಿಕೊಂಡವನನ್ನು ಎಲ್ಲರೂ ಚೆದುರಿ ಹುಡುಕಹೊರಟರೆ ತಪ್ಪಿಸಿಕೊಂಡವರು ಒಬ್ಬರಲ್ಲ, ಐವರು.

ಹೊಳೆ ಮತ್ತು ದೀಪ

ಸಂಜೆಯಾಯಿತು. ಅರಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಸುಮಾರು ಒಂದು ಲಕ್ಷ ದೀಪಗಳು. ಇವುಗಳೊಡನೆ ಧನಗೆರೆಯ ಗೆಳೆಯರಿಗೆ ಒಂದು ನಂಟಿದೆ. ಅವರ ಸೀಮೆಯ ಶಿವನಸಮುದ್ರದಲ್ಲಿಯೇ ಕಾವೇರಿ ಭರಚುಕ್ಕಿ ಗಗನಚುಕ್ಕಿಗಳಾಗಿ ಧುಮುಕುವುದು. ಆ ಧುಮುಕಿನ ಬಲದಿಂದ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಿದರು. ಮುಂದೆ ಬೆಂಗಳೂರು ಮೈಸೂರುಗಳೂ ಅದರಿಂದ ಬೆಳಗಿದವು. ಇಂದು ರಾಜ್ಯದ ವಿದ್ಯುತ್ತೆಲ್ಲವೂ ಒಂದೇ ಜಾಲದಲ್ಲಿ ಬೆರೆಯುವುದರಿಂದ ಯಾವ ದೀಪಕ್ಕೆ ಯಾವ ಹೊಳೆಯ ನೀರು ಎಂದು ಹೇಳಲಾಗದು. ಆದರೂ ಒಂದು ಲೆಕ್ಕ ಹಾಕಬಹುದು. ಒಂದೊಂದು ದೀಪ 15 ವಾಟಿನದೆಂದು ಇಟ್ಟುಕೊಂಡರೆ ಲಕ್ಷ ದೀಪಗಳಿಗೆ 1,500 ಕಿಲೋವಾಟ್. ನೂರು ಮೀಟರು ಎತ್ತರದಿಂದ ಸೆಕೆಂಡಿಗೆ ಒಂದು ಘನಮೀಟರು ನೀರು ಬಿದ್ದರೆ, ಯಂತ್ರಗಳಲ್ಲಿ ಐದರಲ್ಲಿ ಒಂದು ಪಾಲು ನಷ್ಟವಾದರೂ, ಸುಮಾರು 780 ಕಿಲೋವಾಟ್ ದೊರೆಯುತ್ತದೆ. ಹೀಗೆ ಇಡೀ ಅರಮನೆಯನ್ನು ಬೆಳಗಿಸಲು ಸೆಕೆಂಡಿಗೆ ಸುಮಾರು ಎರಡು ಘನಮೀಟರು ನೀರು ಸಾಕು. ಊರ ಬಳಿಯ ಹೊಳೆಯ ಒಂದು ಚಿಕ್ಕ ಕವಲೇ ಅಷ್ಟು ಬೆಳಕಿಗೆ ಸಮನೆಂದು ತಿಳಿದಾಗ ಆ ಬೆಳಕು ಗೆಳೆಯರಿಗೆ ಇನ್ನಷ್ಟು ತಮ್ಮದೆನಿಸದಿರದು.

ಹಿಂದಿರುಗುವುದು

ಬರುವಾಗ ಜನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸ್ವಲ್ಪಸ್ವಲ್ಪವಾಗಿ ಬರುತ್ತಾರೆ. ಹೋಗುವಾಗ ಎಲ್ಲರೂ ಒಮ್ಮೆಗೇ ಹೊರಡುತ್ತಾರೆ. ಅಪಾಯವೂ ಆಯಾಸವೂ ಇಲ್ಲಿಯೇ ಹೆಚ್ಚು. ಒಂದು ಮೀಟರು ಅಗಲದ ದ್ವಾರದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಎಪ್ಪತ್ತೈದು ಮಂದಿಯಷ್ಟು ಹೊರಬರಬಲ್ಲರು. ನಾಲ್ಕು ಮೀಟರು ಅಗಲದ ದ್ವಾರದಲ್ಲಿ ಮುನ್ನೂರು. ಹದಿನೆಂಟು ಸಾವಿರ ಜನ ಅದರ ಮೂಲಕ ಹೊರಬರಬೇಕಾದರೆ ಒಂದು ಗಂಟೆ ಬೇಕು. ನೂಕಿದರೆ ಈ ಗಂಟೆ ಕಡಮೆಯಾಗುವುದಿಲ್ಲ. ಬಾಗಿಲಿನಲ್ಲಿ ಜನ ಸಿಕ್ಕಿಕೊಂಡು ಹೆಚ್ಚಾಗುವುದೇ ಸಂಭವ. ಆದುದರಿಂದ ಗೆಳೆಯರು ದ್ವಾರದ ಬಳಿ ಒಂದು ಗಂಟೆ ಒತ್ತಿಸಿಕೊಳ್ಳುವುದಕ್ಕೆ ಬದಲಾಗಿ, ತೆರವಾದ ಒಂದೆಡೆ ಕುಳಿತು ಮನೆಯಿಂದ ತಂದ ಬುತ್ತಿಯನ್ನು ಬಿಚ್ಚುವುದು ಲೇಸು. ಊರು ತಲುಪುವ ವೇಳೆಯಲ್ಲಿ ಹೆಚ್ಚು ವ್ಯತ್ಯಾಸವಾಗದು. ಆದರೆ ಕಡೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಗ್ಗೆಯೇ ವಿಚಾರಿಸಿಟ್ಟುಕೊಂಡಿರಬೇಕು. ಅದು ತಪ್ಪಿದರೆ ರಾತ್ರಿಯನ್ನು ಎಲ್ಲಿ ಕಳೆಯಬೇಕೆಂಬುದನ್ನೂ ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದರೆ ಹಬ್ಬದ ಸಂತೋಷವೇ ಇಂಗಿಹೋಗದೇ ಎಂದು ಕೆಲವರು ಕೇಳಿಯಾರು. ಲೆಕ್ಕವೆಲ್ಲವೂ ಒಂದು ಹಾಳೆಯ ಕೆಲಸ: ತಾರೀಖು, ಹೊರಡುವ ವೇಳೆ, ನಿಲ್ಲುವ ಬದಿ, ಸೇರುವ ಸ್ಥಳ, ಕಡೆಯ ಬಸ್ಸು. ಐವರೂ ಅದನ್ನು ಬರೆದು ಜೇಬಿನಲ್ಲಿಟ್ಟುಕೊಂಡರೆ ಅಲ್ಲಿಗೆ ಚಿಂತೆ ಮುಗಿಯಿತು. ಉಳಿದ ದಿನವೆಲ್ಲ ಕಣ್ಣಿಗೂ ಕಿವಿಗೂ ಹಬ್ಬ. ರಾತ್ರಿ ಊರಿನ ಹಾದಿಯಲ್ಲಿ ದಶಮಿಯ ಬೆಳದಿಂಗಳಿನಲ್ಲಿ ನಡೆಯುವಾಗ ಹೋದ ಐವರೂ ಮರಳಿ ಬಂದಿರಬೇಕು. ಯೋಜನೆಯ ಗುರಿ ಇಷ್ಟೇ.